ಹೆಸರು ಬರೆಯುವ ಹಕ್ಕು: ಸ್ವಯಂಸೇವಕರ ನಕ್ಷೆಗಳ ಒಂದು ಚರಿತ್ರೆ

ಭೂಪಟವು ಬಹುಕಾಲ ಅರಸರ ಹಾಗೂ ಸೇನಾಪತಿಗಳ ಸ್ವತ್ತಾಗಿತ್ತು. ಇಂಗ್ಲೆಂಡಿನ ರಾಷ್ಟ್ರೀಯ ನಕ್ಷಾ ಸಂಸ್ಥೆಯ ಹೆಸರು ‘ಆರ್ಡ್‌ನೆನ್ಸ್ ಸರ್ವೆ’. ಆರ್ಡ್‌ನೆನ್ಸ್ ಎಂದರೆ ತೋಪು, ಮದ್ದುಗುಂಡು, ಯುದ್ಧಸಾಮಗ್ರಿ. 1791ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರಿನಲ್ಲಿಯೇ ಅದರ ಉದ್ದೇಶ ಅಡಗಿದೆ. ನಮ್ಮ ಸರ್ವೆ ಆಫ್ ಇಂಡಿಯಾ ಅದಕ್ಕಿಂತಲೂ ಹಿರಿಯದು. ಈಸ್ಟ್ ಇಂಡಿಯಾ ಕಂಪನಿಯು ಜೇಮ್ಸ್ ರೆನೆಲ್‌ನನ್ನು ಬಂಗಾಳದ ಸರ್ವೇಯರ್ ಜನರಲ್ ಆಗಿ ನೇಮಿಸಿದ 1767ನೆಯ ಇಸವಿಯಿಂದ ಅದರ ವಯಸ್ಸನ್ನು ಎಣಿಸುತ್ತಾರೆ. ಗೆದ್ದ ನೆಲವನ್ನು ಅಳೆಯುವುದು, ಅಳೆದ ನೆಲಕ್ಕೆ ಕಂದಾಯ ಕಟ್ಟುವುದು, ಕಂದಾಯ ಕೊಡದವರ ಮೇಲೆ ದಂಡು ಕಳುಹಿಸಲು ದಾರಿ ಗುರುತಿಸಿಕೊಳ್ಳುವುದು: ಈ ಮೂರಕ್ಕೂ ಒಂದೇ ಕಾಗದ ಸಾಕಾಗುತ್ತಿತ್ತು.

ಕಳೆದ ಎರಡು ದಶಕಗಳಲ್ಲಿ ಆ ಕಾಗದ ಕೈ ಬದಲಿಸಿದೆ. ಸಂಬಳವಿಲ್ಲದೆ, ಅಪ್ಪಣೆಯಿಲ್ಲದೆ, ಜಗತ್ತಿನ ನಾನಾ ಊರುಗಳ ಸಾಮಾನ್ಯ ಜನರು ಕೂಡಿ ಇಡೀ ಭೂಮಿಯ ನಕ್ಷೆಯೊಂದನ್ನು ಬರೆಯುತ್ತಿದ್ದಾರೆ. ಅದರ ಹೆಸರು ‘ಓಪನ್‌ಸ್ಟ್ರೀಟ್‌ಮ್ಯಾಪ್’. ಇದನ್ನು ತಂತ್ರಜ್ಞಾನದ ಸುದ್ದಿಯೆಂದು ಓದಿ ಮರೆಯುವವರೇ ಹೆಚ್ಚು. ಇದು ಅದಕ್ಕಿಂತ ಹಳೆಯದಾದ ಒಂದು ಜಗಳದ ಹೊಸ ಅಧ್ಯಾಯವೆಂಬುದು ನಮ್ಮ ಎಣಿಕೆ. ಒಂದು ಊರಿನ ಹೆಸರನ್ನು ಬರೆಯುವ ಹಕ್ಕು ಯಾರದು ಎಂಬುದೇ ಆ ಜಗಳ.

ಅಳೆದವರು ಮತ್ತು ನಡೆದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಣಿ ಹಿಡಿದು ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆರಂಭವಾಗಿ ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ತ್ರಿಕೋನಮಾಪನಕ್ಕೆ ಅದು ಪೂರ್ವಸಿದ್ಧತೆಯಾಗಿತ್ತು. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡನು. 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು ಇವನೇ.

ಮೆಕೆಂಜಿಗೆ ನಮ್ಮ ನಾಡಿನ ಭಾಷೆಗಳು ಬರುತ್ತಿರಲಿಲ್ಲ. ಊರೂರು ಸುತ್ತಿ, ಶಾನುಭೋಗರ ಕಡತ ಬಿಡಿಸಿ, ಶಾಸನ ನಕಲು ಮಾಡಿ, ಹಿರಿಯರ ಬಾಯಿಂದ ಊರಿನ ಕಥೆ ಕೇಳಿ ಬರೆದವರು ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಹಾಗೆ ಕೂಡಿದ ಕೈಫಿಯತ್ತುಗಳು ಇಂದಿಗೂ ನಮ್ಮ ಸ್ಥಳೀಯ ಚರಿತ್ರೆಯ ಆಕರ. ಸಂಗ್ರಹಕ್ಕೆ ಉಳಿದ ಹೆಸರು ಮಾತ್ರ ಮೆಕೆಂಜಿಯದು.

ಮುಂದೆಯೂ ಇದೇ ನಡೆಯಿತು. ಕುಮಾವುನಿನ ನೈನ್ ಸಿಂಗ್ ರಾವತ್ 1865–66ರಲ್ಲಿ ಯಾತ್ರಿಕನ ವೇಷದಲ್ಲಿ ಲ್ಹಾಸಾ ತಲುಪಿದರು. ನೂರೆಂಟರ ಬದಲು ನೂರೇ ಮಣಿಗಳ ಜಪಮಾಲೆಯಲ್ಲಿ ತಮ್ಮ ಹೆಜ್ಜೆಗಳನ್ನು ಎಣಿಸಿದರು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಲೆಕ್ಕದ ಚೀಟಿಗಳನ್ನು ಇಟ್ಟುಕೊಂಡರು. ಎವರೆಸ್ಟಿನ ಎತ್ತರದ ಗಣಿತದೊಂದಿಗೆ ಹೆಸರು ಸೇರಿಕೊಂಡಿರುವ ರಾಧಾನಾಥ ಸಿಕ್ದರ್ ಅವರ ನೆರವನ್ನು ಮೋಜಣಿಯ ಕೈಪಿಡಿಯೊಂದರ 1851ರ ಆವೃತ್ತಿ ನೆನೆದಿತ್ತು. 1875ರ ಆವೃತ್ತಿಯಲ್ಲಿ ಆ ಮಾತು ಕಾಣೆಯಾಯಿತು. ನಡೆದವರು ಒಬ್ಬರು, ಲೆಕ್ಕ ಹಾಕಿದವರು ಇನ್ನೊಬ್ಬರು, ನಕ್ಷೆಯ ಮೂಲೆಯಲ್ಲಿ ಸಹಿ ಹಾಕಿದವನು ಬೇರೊಬ್ಬ.

ಊರುಗಳ ಗತಿಯೂ ಅಷ್ಟೆ. ಜನರ ಬಾಯಲ್ಲಿ ಹಿರೋಡೆಯಾಗಿದ್ದುದು ನಕ್ಷೆಯಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು. ಮುಂದೆ ಅದು ಪಾಂಡವಪುರವಾಯಿತು. ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರಿನಿಂದ ‘ಕ್ಲೋಸ್‌ಪೇಟೆ’ಯೆನಿಸಿದ್ದುದು ರಾಮನಗರವಾಯಿತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಕೆಲವರು ಅದನ್ನು ಬರಿಯ ಭಾವಾವೇಶವೆಂದು ನಕ್ಕರು. ನಗುವುದಕ್ಕೆ ಮುನ್ನ ಹಳೆಯ ಕಾಗುಣಿತಗಳನ್ನು ಯಾರು, ಯಾರನ್ನು ಕೇಳಿ ಬರೆದಿದ್ದರು ಎಂದು ಒಮ್ಮೆ ಕೇಳಿಕೊಳ್ಳಬೇಕಿತ್ತು.

ಐರ್ಲೆಂಡಿನ ಪಾಠ

ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ಈ ವಿಷಯ ಬಂದಾಗಲೆಲ್ಲ ಬ್ರಯನ್ ಫ್ರೀಲ್‌ನ ‘ಟ್ರಾನ್ಸ್‌ಲೇಷನ್ಸ್’ ನಾಟಕ ನೆನಪಾಗುತ್ತದೆ. 1980ರಲ್ಲಿ ಡೆರಿ ನಗರದಲ್ಲಿ ಮೊದಲು ರಂಗವೇರಿದ ಈ ನಾಟಕದ ಕಾಲ 1833. ಐರ್ಲೆಂಡಿನ ಹಳ್ಳಿಯೊಂದಕ್ಕೆ ಆರ್ಡ್‌ನೆನ್ಸ್ ಸರ್ವೆಯ ಸೈನಿಕರು ಬರುತ್ತಾರೆ. ಅವರ ಕೆಲಸ ಐರಿಷ್ ಊರುಗಳ ಹೆಸರನ್ನು ಇಂಗ್ಲಿಷಿನ ನಾಲಗೆಗೆ ಹೊಂದಿಸಿ ಬರೆಯುವುದು. ಅವರಿಗೆ ದುಭಾಷಿಯಾಗಿ ನೆರವಾಗುವವನು ಅದೇ ಹಳ್ಳಿಯ ಮಗ. ನಾಟಕದಲ್ಲಿ ಒಂದೊಂದೇ ಹೆಸರು ಬದಲಾಗುತ್ತ ಹೋದಂತೆ ಜನರ ಕಾಲಡಿಯ ನೆಲವೇ ಪರಕೀಯವಾಗುತ್ತದೆ.

ನಿಜವಾದ ಚರಿತ್ರೆ ನಾಟಕಕ್ಕಿಂತ ತುಸು ಜಟಿಲ. ಆ ಮೋಜಣಿಯಲ್ಲಿ ಜಾನ್ ಓ’ಡೊನೊವನ್ ಎಂಬ ಐರಿಷ್ ವಿದ್ವಾಂಸನೂ ಇದ್ದನು. ಅವನು ಊರೂರು ಅಲೆದು ಹಳೆಯ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಪತ್ರಗಳಲ್ಲಿ ದಾಖಲಿಸಿದನು. ನಮ್ಮ ಬೋರಯ್ಯ, ಧರ್ಮಯ್ಯರಂತೆ ಅವನೂ ಆಳುವವರ ಸಂಬಳ ಪಡೆದು ಆಳಿಸಿಕೊಳ್ಳುವವರ ನೆನಪನ್ನು ಕಾಪಾಡಿದನು. ಸರ್ಕಾರಿ ನೌಕರಿಯಲ್ಲಿರುವ ನಮಗೆ ಇವರ ಬಗ್ಗೆ ವಿಶೇಷ ಆದರವಿದೆ. ಮೇಲಿನವರ ಉದ್ದೇಶ ಏನೇ ಇರಲಿ, ಕಡತದಲ್ಲಿ ಸತ್ಯವಾದುದನ್ನು ಬರೆದಿಡುವ ಗುಮಾಸ್ತನಿಗೂ ಚರಿತ್ರೆಯಲ್ಲಿ ಒಂದು ಸ್ಥಾನವಿದೆ.

ಇದರ ಉತ್ತರಕಾಂಡ ನಮ್ಮ ಕಾಲದ್ದು. ಐರ್ಲೆಂಡಿನಲ್ಲಿ ‘ಟೌನ್‌ಲ್ಯಾಂಡ್’ ಎಂಬ ಅತಿ ಚಿಕ್ಕ ಭೂವಿಭಾಗಗಳು ಸುಮಾರು 60 ಸಾವಿರ ಇವೆ. ಹೆಚ್ಚಿನವು ನಮ್ಮ ಹಳ್ಳಿಗಳಿಗಿಂತ ಚಿಕ್ಕವು. ಓಪನ್‌ಸ್ಟ್ರೀಟ್‌ಮ್ಯಾಪಿನ ಐರಿಷ್ ಸ್ವಯಂಸೇವಕರು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ನಕ್ಷೆಗಳನ್ನು ಮುಂದಿಟ್ಟುಕೊಂಡು, ಹಲವು ವರ್ಷ ಕುಳಿತು, ಆ ಗಡಿಗಳನ್ನು ಒಂದೊಂದಾಗಿ ಬರೆದರು. ಸೈನ್ಯಕ್ಕಾಗಿ ಆದ ಮೋಜಣಿಯ ಫಲವನ್ನೇ ಮೊಮ್ಮಕ್ಕಳು ತಮ್ಮ ಊರುಗಳನ್ನು ಮರಳಿ ಪಡೆಯಲು ಬಳಸಿದರು.

ಲಂಡನ್ನಿನಲ್ಲಿ ಹುಟ್ಟಿದ ಅಸಮಾಧಾನ

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕವು ತನ್ನ ಜಿಪಿಎಸ್ ಸಂಕೇತಗಳಲ್ಲಿ ನಾಗರಿಕರಿಗೆಂದು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಪುಟ್ಟ ಯಂತ್ರ, ಅಂದಿನಿಂದ ನಿಂತ ಬೀದಿಯನ್ನೇ ಗುರುತಿಸತೊಡಗಿತು. ಆದರೆ ಇಂಗ್ಲೆಂಡಿನಲ್ಲಿ ಬೀದಿಯ ನಕ್ಷೆ ಆರ್ಡ್‌ನೆನ್ಸ್ ಸರ್ವೆಯ ಹಕ್ಕುಸ್ವಾಮ್ಯದಲ್ಲಿತ್ತು. ಬಳಸಬೇಕಾದರೆ ದುಬಾರಿ ಪರವಾನಗಿ ಪಡೆಯಬೇಕಿತ್ತು. ಜನರ ತೆರಿಗೆಯಿಂದ ಬೆಳೆದ ಸಂಸ್ಥೆಯ ನಕ್ಷೆಗೆ ಜನರೇ ಮತ್ತೆ ಹಣ ತೆರುವುದು ಯಾವ ನ್ಯಾಯವೆಂಬ ಅಸಮಾಧಾನ ಅಲ್ಲಿ ಬೆಳೆಯಿತು. 2004ರ ಆಗಸ್ಟಿನಲ್ಲಿ ಸ್ಟೀವ್ ಕೋಸ್ಟ್ ಎಂಬ ವಿದ್ಯಾರ್ಥಿಯು ಲಂಡನ್ನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪನ್ನು ಆರಂಭಿಸಿದನು.

ಮೊದಲು ಜನರು ಜಿಪಿಎಸ್ ಹಿಡಿದು ನಡೆದರು, ಸೈಕಲ್ ತುಳಿದರು. 2006ರ ಮೇ ತಿಂಗಳಲ್ಲಿ ಒಂದಷ್ಟು ಮಂದಿ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿ ವಾರಾಂತ್ಯವನ್ನೆಲ್ಲ ರಸ್ತೆ ಅಳೆಯುವುದರಲ್ಲಿ ಕಳೆದರು. ಅದೇ ವರ್ಷದ ಕೊನೆಗೆ ಯಾಹೂ ಸಂಸ್ಥೆ ತನ್ನ ಉಪಗ್ರಹ ಚಿತ್ರಗಳ ಮೇಲೆ ಗೆರೆ ಎಳೆಯಲು ಒಪ್ಪಿಗೆಯಿತ್ತಿತು. 2007ರಲ್ಲಿ ನೆದರ್ಲೆಂಡ್ಸಿನ ಎಎನ್‌ಡಿ ಎಂಬ ಕಂಪನಿ ತನ್ನ ದೇಶದ ಸಂಪೂರ್ಣ ರಸ್ತೆಜಾಲವನ್ನೂ ಅದರೊಂದಿಗೆ ಭಾರತ, ಚೀನಾಗಳ ಮುಖ್ಯರಸ್ತೆಗಳನ್ನೂ ದಾನವಾಗಿ ಕೊಟ್ಟಿತು.

ಈ ನಕ್ಷೆಯ ಒಳರಚನೆ ಸರಳ. ಬಾವಿ, ಬಸ್ ನಿಲ್ದಾಣಗಳು ಒಂದೊಂದು ಬಿಂದು. ರಸ್ತೆ, ಹೊಳೆಗಳು ಗೆರೆ. ಹಲವು ಗೆರೆಗಳು ಕೂಡಿದ ತಾಲ್ಲೂಕಿನ ಗಡಿ ಅಥವಾ ಬಸ್ಸಿನ ಮಾರ್ಗ ಒಂದು ‘ಸಂಬಂಧ’. ಪ್ರತಿಯೊಂದಕ್ಕೂ ವಿವರದ ಚೀಟಿಗಳನ್ನು ಅಂಟಿಸುತ್ತಾರೆ. ಯಾರು, ಯಾವ ದಿನ, ಏನನ್ನು ತಿದ್ದಿದರೆಂಬುದು ಅಳಿಯದೆ ಉಳಿಯುತ್ತದೆ. ನಮ್ಮ ಕಚೇರಿಗಳ ನೋಟ್‌ಶೀಟ್ ಬಲ್ಲವರಿಗೆ ಇದು ಹೊಸದಲ್ಲ: ಹಸಿರು ಹಾಳೆಯ ಮೇಲೆ ಒಬ್ಬರ ಟಿಪ್ಪಣಿಯ ಕೆಳಗೆ ಇನ್ನೊಬ್ಬರ ಟಿಪ್ಪಣಿ, ಹಿಂದಿನದನ್ನು ಹರಿಯುವಂತಿಲ್ಲ. ಒಂದೇ ವ್ಯತ್ಯಾಸವೆಂದರೆ ಈ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು. ಬರೆದುದು ಎಲ್ಲರ ಸ್ವತ್ತು; ಮೂಲವನ್ನು ಹೆಸರಿಸಿ, ಅದೇ ಷರತ್ತಿಗೆ ಒಳಪಟ್ಟು, ಯಾರು ಬೇಕಾದರೂ ಬಳಸಬಹುದು.

2010ರಲ್ಲಿ ಆರ್ಡ್‌ನೆನ್ಸ್ ಸರ್ವೆಯೇ ತನ್ನ ಕೆಲವು ದತ್ತಾಂಶಗಳನ್ನು ಉಚಿತವಾಗಿ ತೆರೆಯಿತು.

ಖಾಲಿ ಜಾಗಗಳು

ಅಧಿಕೃತ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ನಿಜವಾಗಿ ಖಾಲಿಯಿರುವುದಿಲ್ಲ. ನೈರೋಬಿಯ ಕಿಬೆರಾ ಆಫ್ರಿಕದ ಅತಿ ದೊಡ್ಡ ಕೊಳೆಗೇರಿಗಳಲ್ಲೊಂದು. 2009ರಲ್ಲಿ ಮಿಕೆಲ್ ಮರೋನ್ ಹಾಗೂ ಎರಿಕಾ ಹೇಗನ್ ಅಲ್ಲಿಗೆ ಹೋದಾಗ ಜನರು ಕಿಕ್ಕಿರಿದ ಆ ಪ್ರದೇಶದ ಓಣಿಗಳು ನಕ್ಷೆಯಲ್ಲಿರಲಿಲ್ಲ. ಅಲ್ಲಿನ ಯುವಕ ಯುವತಿಯರೇ ಜಿಪಿಎಸ್ ಬಳಸಲು ಕಲಿತು ನಲ್ಲಿ, ಶೌಚಾಲಯ, ದವಾಖಾನೆ, ಶಾಲೆಗಳನ್ನು ಗುರುತಿಸಿದರು. ನಕ್ಷೆಯಲ್ಲಿಲ್ಲದ ಓಣಿಗೆ ನೀರಿನ ಕೊಳವೆ ಕೇಳುವುದು ಕಷ್ಟ. ಆ ಓಣಿಯೇ ಇಲ್ಲವೆಂದು ಕಚೇರಿ ಉತ್ತರಿಸಬಲ್ಲದು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸಿನ ಉಪಯುಕ್ತ ನಕ್ಷೆ ರಕ್ಷಣಾತಂಡಗಳ ಕೈಯಲ್ಲಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕುಳಿತ ನೂರಾರು ಮಂದಿ ಹೊಸ ಉಪಗ್ರಹ ಚಿತ್ರಗಳನ್ನು ನೋಡಿ ರಸ್ತೆಗಳನ್ನೂ ಕುಸಿದ ಕಟ್ಟಡಗಳನ್ನೂ ನಿರಾಶ್ರಿತರ ಡೇರೆಗಳನ್ನೂ ದಿನಗಳೊಳಗೆ ಬರೆದುಕೊಟ್ಟರು. 2015ರ ಏಪ್ರಿಲಿನಲ್ಲಿ ನೇಪಾಳ ನಡುಗಿದಾಗ ಕಾಠ್ಮಂಡುವಿನ ಸ್ಥಳೀಯ ಬಳಗ ಮೊದಲೇ ಸಿದ್ಧವಿತ್ತು. ಹೊರಗಿನವರು ಅವರ ಮಾರ್ಗದರ್ಶನದಲ್ಲಿ ದುಡಿದರು.

ನಮ್ಮವರೂ ಹಿಂದೆ ಬಿದ್ದಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಯಾವ ಬೀದಿಯಲ್ಲಿ ನೀರು ನಿಂತಿದೆಯೆಂದು ನಾಗರಿಕರೇ ಗುರುತಿಸುವ ನಕ್ಷೆಯೊಂದು ಇದೇ ತಳಹದಿಯ ಮೇಲೆ ಎದ್ದಿತು. ಅಲ್ಲಿನ ನಮ್ಮ ಓದುಗರಿಗೆ ಆ ದಿನಗಳು ನೆನಪಿರಬಹುದು. 2018ರ ಆಗಸ್ಟಿನ ಪ್ರವಾಹದ ಬಳಿಕ ಕೇರಳದಲ್ಲಿ ಸರ್ಕಾರದ ಐ.ಟಿ. ಮಿಷನ್ನೇ ‘ಮ್ಯಾಪಥಾನ್ ಕೇರಳಂ’ ಹೆಸರಿನಲ್ಲಿ ಜನರನ್ನು ನಕ್ಷೆ ಬರೆಯಲು ಕರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಈ ಬಳಗದ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲಿ ಸೇರಿತು.

ಕಂಪನಿ, ಸರ್ಕಾರ, ನಾವು

ಬೆಂಗಳೂರು ಈ ಚರಿತ್ರೆಯಲ್ಲಿ ಇನ್ನೊಂದು ಬಗೆಯಲ್ಲಿಯೂ ಬರುತ್ತದೆ. ಗೂಗಲ್ಲಿನ ಬೆಂಗಳೂರು ಕಚೇರಿಯ ಎಂಜಿನಿಯರುಗಳು ರೂಪಿಸಿದ ‘ಮ್ಯಾಪ್ ಮೇಕರ್’ 2008ರಲ್ಲಿ ಹೊರಬಂದಿತು. ಅದೂ ಸ್ವಯಂಸೇವಕರದೇ ದುಡಿಮೆ. ನಮ್ಮ ದೇಶದಲ್ಲಿ ಅಸಂಖ್ಯ ಉತ್ಸಾಹಿಗಳು ತಮ್ಮ ಬೀದಿ, ಗುಡಿ, ಅಂಗಡಿಗಳನ್ನು ಅದರಲ್ಲಿ ತುಂಬಿದರು. 2017ರ ಮಾರ್ಚಿನಲ್ಲಿ ಕಂಪನಿ ಅದನ್ನು ಮುಚ್ಚಿತು. ಜನರು ತುಂಬಿದ ಮಾಹಿತಿ ಕಂಪನಿಯ ನಕ್ಷೆಯೊಳಗೆ ಉಳಿಯಿತು. ಬಿಟ್ಟಿ ದುಡಿದವರಿಗೆ ಆ ನಕ್ಷೆಯನ್ನು ಕೊಂಡೊಯ್ದು ಬೇರೆಡೆ ಬಳಸುವ ಹಕ್ಕಿರಲಿಲ್ಲ. ಎರಡೂ ಕಡೆ ಕೆಲಸ ಒಂದೇ. ಒಂದು ಊರಕೆರೆಯ ಹೂಳೆತ್ತಿದಂತೆ, ಇನ್ನೊಂದು ಧಣಿಯ ತೋಟದ ಬಾವಿ ತೋಡಿದಂತೆ.

ಸರ್ಕಾರದ ನಿಲುವು ಇನ್ನೂ ಸ್ವಾರಸ್ಯಕರ. 2005ರ ರಾಷ್ಟ್ರೀಯ ನಕ್ಷಾ ನೀತಿಯು ರಕ್ಷಣಾ ಸರಣಿ, ಮುಕ್ತ ಸರಣಿ ಎಂದು ಎರಡು ಬಗೆಯ ನಕ್ಷೆಗಳನ್ನು ಬೇರ್ಪಡಿಸಿತು. 2013ರಲ್ಲಿ ಗೂಗಲ್ ನಡೆಸಿದ ‘ಮ್ಯಾಪಥಾನ್’ ಸ್ಪರ್ಧೆಯ ವಿರುದ್ಧ ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರಿತು. ಪ್ರಕರಣ ಸಿಬಿಐವರೆಗೆ ಹೋಯಿತು. 2016ರಲ್ಲಿ ಪ್ರಕಟವಾದ ಕರಡು ಮಸೂದೆಯೊಂದು ಅನುಮತಿಯಿಲ್ಲದೆ ಭೂಮಾಹಿತಿ ಸಂಗ್ರಹಿಸಿದರೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಸೆರೆವಾಸವೆಂದಿತು. ಸಾರ್ವಜನಿಕ ವಿರೋಧ ಬಂದು ಅದು ಸಂಸತ್ತನ್ನೇ ಕಾಣಲಿಲ್ಲ. 2021ರ ಫೆಬ್ರವರಿ 15ರ ಮಾರ್ಗಸೂಚಿಯು ತದ್ವಿರುದ್ಧ ದಿಕ್ಕಿಗೆ ಹೊರಳಿ, ಭಾರತೀಯರು ಪೂರ್ವಾನುಮತಿಯಿಲ್ಲದೆ ನಕ್ಷೆ ತಯಾರಿಸಬಹುದೆಂದಿತು. ಐದೇ ವರ್ಷಗಳಲ್ಲಿ ಸೆರೆಮನೆಯ ಬೆದರಿಕೆಯಿಂದ ಪ್ರೋತ್ಸಾಹಕ್ಕೆ ಬಂದ ಈ ಪಯಣವನ್ನು ನಾವು ಟೀಕೆಗಾಗಿ ಹೇಳುತ್ತಿಲ್ಲ. ವ್ಯವಸ್ಥೆಯೊಂದು ತಾನು ಹೆದರಿದ್ದ ಸಂಗತಿ ಹೆದರತಕ್ಕದ್ದಲ್ಲವೆಂದು ಕಲಿಯುವುದು ಒಳ್ಳೆಯದೇ. ಅನುಮತಿ ಕೇಳದೆ ಬರೆಯುತ್ತಿದ್ದವರು ಇಲ್ಲದಿದ್ದರೆ ಅದು ಕಲಿಯುತ್ತಿತ್ತೇ ಎಂಬುದು ಬೇರೆ ಮಾತು.

ನೆಲದ ನಿಯಮ ಮತ್ತು ಕೇರಿಯ ಹೆಸರು

ವಿವಾದವೆದ್ದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಒಂದು ನಿಯಮವನ್ನು ಮುಂದಿಡುತ್ತದೆ: ನೆಲದ ಮೇಲೆ ಏನು ಕಾಣುತ್ತದೆಯೋ ಅದನ್ನು ಬರೆ. ಕೇಳಲು ಸರಳ. ಜೆರುಸಲೇಮಿನ ಮುಖ್ಯ ಹೆಸರು ಹೀಬ್ರೂವಿನಲ್ಲಿರಬೇಕೋ ಅರಬ್ಬಿಯಲ್ಲಿರಬೇಕೋ ಎಂದು ಜಗಳವಾಯಿತು. ಕ್ರಿಮಿಯವನ್ನು 2014ರಲ್ಲಿ ಉಕ್ರೇನ್, ರಷ್ಯ ಎರಡರ ಗಡಿಯೊಳಗೂ ಇರಿಸಲಾಯಿತು. 2018ರಲ್ಲಿ ಇದನ್ನು ಬದಲಿಸಲು ಹೊರಟು, ವಿವಾದವೆದ್ದ ಮೇಲೆ ಹಳೆಯ ಸ್ಥಿತಿಗೇ ಮರಳಿದರು. ಇದೇ ನಿಯಮವನ್ನು ಜಮ್ಮು ಕಾಶ್ಮೀರಕ್ಕೆ ಅನ್ವಯಿಸಿದಾಗ ಬರುವ ಗೆರೆ ಸರ್ವೆ ಆಫ್ ಇಂಡಿಯಾದ ಗೆರೆಯಲ್ಲ. ಅಧಿಕೃತ ಗಡಿಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸಿದರೆ ನಮ್ಮ ಕಾನೂನಿನಲ್ಲಿ ಆರು ತಿಂಗಳವರೆಗೆ ಸೆರೆವಾಸವಿದೆ. ದತ್ತಾಂಶ ತೆರೆದಿರುವುದರಿಂದ ಇಲ್ಲಿ ಪ್ರಕಟಿಸುವವರು ಅಧಿಕೃತ ಗಡಿಯನ್ನೇ ಬಳಸಿ ಪ್ರಕಟಿಸಬಹುದು. ದೇಶದ ಗಡಿಯ ಬಗ್ಗೆ ನಮ್ಮ ನಿಲುವು ಸ್ಪಷ್ಟವಿದೆ.

ನಮ್ಮನ್ನು ಹೆಚ್ಚು ಕಾಡುವುದು ದೇಶದ ಗಡಿಯಲ್ಲ, ಊರೊಳಗಿನ ಗಡಿ. ಹಳ್ಳಿಯ ನಕ್ಷೆ ಬರೆಯಲು ಕುಳಿತವನಿಗೆ ದೇವಸ್ಥಾನದ ಬೀದಿ, ಪೇಟೆ, ಶಾಲೆಗಳು ಸುಲಭವಾಗಿ ಹೊಳೆಯುತ್ತವೆ. ಹಳ್ಳದಾಚೆಯ ಕೇರಿ ಕೊನೆಗೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಆಕಾಶದಿಂದ ನೋಡುವ ಉಪಗ್ರಹಕ್ಕೆ ಎಲ್ಲ ಸೂರುಗಳೂ ಒಂದೇ. ಭೇದವಿರುವುದು ಗೆರೆ ಎಳೆಯುವ ಬೆರಳಿನಲ್ಲಿ.

ಕೇರಿಯನ್ನು ಬರೆಯುವುದಾದರೂ ಯಾವ ಹೆಸರಿನಿಂದ? ಊರಿನವರು ಕರೆಯುವ ಹೆಸರು ಬಹಳ ಕಡೆ ಒಂದು ಜಾತಿಯನ್ನು ಹೀಗಳೆಯುವ ಹೆಸರಾಗಿರುತ್ತದೆ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟವು ಇಂತಹ ಜಾತಿಸೂಚಕ ಬಡಾವಣೆಗಳ ಹೆಸರುಗಳನ್ನು ತೆಗೆದುಹಾಕಲು ತೀರ್ಮಾನಿಸಿತು. ನೆಲದ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಸ್ವಯಂಸೇವಕನು ಆ ಬೈಗುಳವನ್ನು ಜಗತ್ತಿನ ನಕ್ಷೆಯಲ್ಲಿ ಕೆತ್ತಿಬಿಡುತ್ತಾನೆ. ಅಳಿಸಿಬಿಟ್ಟರೆ ಅಲ್ಲಿ ನಡೆದ ಅನ್ಯಾಯದ ಗುರುತೂ ಅಳಿಯುತ್ತದೆಂಬ ವಾದವುಂಟು. ನಮ್ಮ ಅಭಿಪ್ರಾಯ ಇಷ್ಟು: ‘ನೆಲ’ವೆಂದರೆ ಮೊದಲು ಅಲ್ಲಿ ವಾಸಿಸುವವರು. ಊರಿನವರು ಕೇರಿಯನ್ನು ಏನೆನ್ನುತ್ತಾರೆ ಎಂಬುದಕ್ಕಿಂತ ಕೇರಿಯವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದೇ ಹೆಸರು. ಹಳೆಯದನ್ನು ಚರಿತ್ರೆಯ ಪುಸ್ತಕ ನೆನಪಿಡಲಿ. ದಾರಿ ಕೇಳುವವನು ಅದನ್ನು ಉಚ್ಚರಿಸಬೇಕಾಗಿಲ್ಲ.

ಇದಕ್ಕೆ ಕೇರಿಯವರೇ ನಕ್ಷೆ ಬರೆಯುವಂತಾಗಬೇಕು. ಜಗತ್ತಿನಾದ್ಯಂತ ಈ ಸ್ವಯಂಸೇವಕರಲ್ಲಿ ಗಂಡಸರೇ ಬಹುಪಾಲು, ವಿದ್ಯಾವಂತರೇ ಬಹುಪಾಲು ಎಂಬುದು ಬಳಗದವರೇ ಒಪ್ಪುವ ಮಾತು. ಈಚೆಗೆ ದೊಡ್ಡ ಕಂಪನಿಗಳ ಸಂಬಳದ ತಂಡಗಳೂ ಇಲ್ಲಿ ಬರೆಯುತ್ತಿವೆ. 2022ರ ಡಿಸೆಂಬರಿನಲ್ಲಿ ಅಮೆಜಾನ್, ಮೆಟಾ, ಮೈಕ್ರೋಸಾಫ್ಟ್, ಟಾಮ್‌ಟಾಮ್ ಕೂಡಿ ‘ಓವರ್ಚರ್ ಮ್ಯಾಪ್ಸ್’ ಎಂಬ ಪ್ರತಿಷ್ಠಾನವನ್ನೂ ಕಟ್ಟಿವೆ. ಸರಕು ತಲುಪಿಸುವ ವಾಹನಕ್ಕೆ ಬೇಕಾದ ರಸ್ತೆಯನ್ನು ಅವರು ಚೆನ್ನಾಗಿ ಬರೆಯುತ್ತಾರೆ. ಸರಕು ತರಿಸದವರ ಓಣಿಯನ್ನು ಬರೆಯುವ ಆತುರ ಅವರಿಗಿರಲಾರದು.

ಹೊರನಾಡಿನ ಕನ್ನಡ ಹೆಸರುಗಳು

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ರಾಜ್ಯಭಾಷೆ, ಹಿಂದಿ, ಇಂಗ್ಲಿಷ್ ಎಂದು ಮೂರು ಸಾಲಿಗಷ್ಟೇ ಸ್ಥಳ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನಾವು ದಶಕಗಳಿಂದ ಜಗಳವಾಡಿದ್ದೇವೆ. ಈ ನಕ್ಷೆಯಲ್ಲಿ ಒಂದು ಬಿಂದುವಿಗೆ ಎಷ್ಟು ಭಾಷೆಯ ಹೆಸರನ್ನಾದರೂ ಬರೆಯಬಹುದು. ಹಳೆಯ ಹೆಸರಿಗೂ ಬೇರೆ ಸಾಲಿದೆ. ಭಾರತದಲ್ಲಿ ಮುಖ್ಯ ಹೆಸರಿನ ಜಾಗದಲ್ಲಿ ಬಹುಮಟ್ಟಿಗೆ ಇಂಗ್ಲಿಷೇ ಇರುವುದು ರೂಢಿ. ಪಕ್ಕದ ಕನ್ನಡದ ಸಾಲನ್ನು ತುಂಬಲು ಯಾರ ಅಪ್ಪಣೆಯೂ ಬೇಡ.

ಕರ್ನಾಟಕದ ಊರುಗಳನ್ನು ಅಲ್ಲಿನವರು ಬರೆದಾರು. ಹೊರನಾಡಿನ ಊರುಗಳನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬಲ್ಲವರು ಅಲ್ಲಿ ಬಾಳುತ್ತಿರುವ ನಾವೇ. ಇಂಗ್ಲಿಷ್ ಕಾಗುಣಿತ ನೋಡಿ ‘ಥಾಣೆ’ ಎಂದು ಬರೆಯುವವರಿಗೆ ಮರಾಠಿಗರ ನಾಲಗೆಯಲ್ಲಿ ಅದು ‘ಠಾಣೆ’ಯೆಂದು ತಿಳಿದಿರುವುದಿಲ್ಲ. ಮುಂಬಯಿಯ ‘ಸಯನ್’ ಮರಾಠಿಯಲ್ಲಿ ‘ಶೀವ್’. ಗಡಿ ಎಂದು ಅರ್ಥ, ನಮ್ಮ ‘ಸೀಮೆ’ಯ ನೆಂಟ. ಪೋರ್ಚುಗೀಸರೂ ಇಂಗ್ಲಿಷರೂ ತಿರುಚಿದ ಹೆಸರನ್ನು ನಾವು ಮತ್ತೊಮ್ಮೆ ತಿರುಚಬೇಕಾಗಿಲ್ಲ. ನಮಗೆ ಅನ್ನವಿತ್ತ ಊರಿನ ಹೆಸರನ್ನು ಅದರ ಮಕ್ಕಳು ಹೇಳುವಂತೆಯೇ ನಮ್ಮ ಲಿಪಿಯಲ್ಲಿ ಬರೆಯುವುದು ಆ ಊರಿಗೆ ಸಲ್ಲಿಸುವ ಮರ್ಯಾದೆ.

ಅದರೊಂದಿಗೆ ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘ, ಹೈದರಾಬಾದಿನ ಕಾಚಿಗುಡದ ನೃಪತುಂಗ ಶಾಲೆಗಳಂಥ ನಮ್ಮ ನೆಲೆಗಳೂ ಇವೆ. ಮುಚ್ಚಿಹೋದ ಕನ್ನಡ ಶಾಲೆಗಳು, ರಾತ್ರಿಶಾಲೆಗಳು ಎಲ್ಲಿದ್ದವೆಂಬುದನ್ನು ಬಲ್ಲ ಹಿರಿಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಈ ನಕ್ಷೆ ಇಂದು ಇರುವುದನ್ನು ಮಾತ್ರ ಒಪ್ಪುವುದರಿಂದ ಇಲ್ಲದ ಶಾಲೆಯನ್ನು ಅಲ್ಲಿ ಬರೆಯಲಾಗದು. ಅದಕ್ಕೆ ಬೇರೆ ಪುಸ್ತಕ ಬೇಕು. ಇರುವುದನ್ನಾದರೂ ಬರೆಯೋಣ. ಸಂಘದ ತಿಂಗಳ ಸಭೆ ಮುಗಿದ ಮೇಲೆ ಅರ್ಧ ಗಂಟೆ ಸಾಕು: ಖಾತೆ ತೆರೆದು, ನಾವು ನಡೆದು ಬಲ್ಲ ಬೀದಿಯನ್ನು ಹುಡುಕಿ, ಕನ್ನಡದ ಸಾಲಿನಲ್ಲಿ ಹೆಸರು ತುಂಬುವುದು. ಬೇರೆ ಕಂಪನಿಯ ನಕ್ಷೆಯಿಂದ ನಕಲು ಮಾಡಬಾರದೆಂಬುದು ಇಲ್ಲಿನ ಕಟ್ಟುನಿಟ್ಟಿನ ಕಟ್ಟಳೆ. ಸಂದೇಹವಿದ್ದರೆ ಬೀದಿಗೆ ಹೋಗಿ ಫಲಕ ಓದಬೇಕು, ಅಲ್ಲಿನವರನ್ನು ಕೇಳಬೇಕು.

ಬೋರಯ್ಯ, ಧರ್ಮಯ್ಯ ಮಾಡಿದ್ದೂ ಇದೇ ಕೆಲಸ. ಅವರ ಬರಹ ಮೆಕೆಂಜಿಯ ಸಂಗ್ರಹವಾಯಿತು. ನಮ್ಮ ತಿದ್ದುಪಡಿಯ ಪಕ್ಕದಲ್ಲಿ ನಮ್ಮ ಹೆಸರೇ ಇರುತ್ತದೆ, ತಪ್ಪಾದರೆ ತಿದ್ದುವವರ ಹೆಸರೂ ಇರುತ್ತದೆ. ಆಸಕ್ತರು ತಮ್ಮ ಬಡಾವಣೆಯಲ್ಲಿ ಕನ್ನಡ ಹೆಸರಿಲ್ಲದ ಐದು ಸ್ಥಳಗಳ ಪಟ್ಟಿಯನ್ನು ಮುಂದಿನ ಸಭೆಗೆ ತಂದರೆ ಅಲ್ಲಿಂದ ಆರಂಭಿಸಬಹುದು.